ಸಾವ್ಕಾರರ ತಾಟಿನಲ್ಲಿ ಐಸು

ನನಗೊಂದು ಸಣ್ಣ ಚಿಂತೆ. ಯಾರಿಗಾದರೂ ಹೇಳಿದರೆ ನಕ್ಕುಬಿಡುತ್ತಾರೆಂದು ಡೈರಿಗೆ ಮಾತ್ರ ಹೇಳಿದ್ದೇನೆ. ನಾಳೆ ಬೆಳಿಗ್ಗೆ ಒಬ್ಬ ಮನುಷ್ಯನ ಎದುರು ನಿಂತು "ಆರಾಮದೀರೇನ್ರಿ?" ಎಂದು ಕೇಳಬೇಕು. ಅಷ್ಟೇ. ನಾನು ಬಿ.ಎ. ಪಾಸಾದವಳು. ಕಾಲೇಜಿನಲ್ಲಿ ಪ್ರಬಂಧಕ್ಕೆ ಬಹುಮಾನ ಬಂದಿತ್ತು, ವೇದಿಕೆ ಹತ್ತಲಾರೆನೆಂದು ತಿಳಿದು ಪ್ಯೂನನ ಕೈಲಿ ಮನೆಗೇ ಕಳಿಸಿದ್ದರು. ಅಂಥವಳಿಗೆ ಈ ಒಂದು ಮಾತು ಗಂಟಲಿಂದ ಹೊರಡಬೇಕು. ಅಡುಗೆಮನೆಯಲ್ಲಿ ತಾಲೀಮು ಮಾಡಿದೆ. ಜೋಳದ ಹಿಟ್ಟಿನ ಡಬ್ಬಿಯನ್ನು ಕೇಳಿದೆ, ಅದು ಆರಾಮಾಗಿಯೇ ಇತ್ತು. ಹಿತ್ತಲಿನ ಬೆಕ್ಕನ್ನು ಕೇಳಿದೆ, ಅದು ಎದ್ದು ಹೋಯಿತು.

ನಾಳೆ ಐಸ್ ದಿನ. ನಮ್ಮ ಊರಿನಲ್ಲಿ ಮನೆಬಾಡಿಗೆ ನಿಶ್ಚಯವಾಗುವುದು ಅಂದೇ. ಮಾಲೀಕ ತನ್ನ ಮನೆಗಳ ಸಾಲಿನ ತುದಿಬಾಗಿಲಿನಿಂದ ಹಿತ್ತಾಳೆ ತಾಟಿನಲ್ಲಿ ಐಸಿನ ಗಡ್ಡೆ ಹೊತ್ತು ಹತ್ತಿರದ ಸ್ಟೇಷನ್ನಿಗೆ ನಡೆಯಬೇಕು. ಅಲ್ಲಿ ಮುನಸಿಪಾಲಿಟಿಯವರು ಉಳಿದ ಐಸನ್ನು ತೂಗುತ್ತಾರೆ. ಹೆಚ್ಚು ಉಳಿದಿದ್ದರೆ ಮನೆ ಸ್ಟೇಷನ್ನಿಗೆ ಹತ್ತಿರವೆಂದು ಅರ್ಥ, ಬಾಡಿಗೆ ಏರುತ್ತದೆ. ಕಡಿಮೆ ಉಳಿದಿದ್ದರೆ ದೂರ, ಬಾಡಿಗೆ ಇಳಿಯುತ್ತದೆ. ಮಾಲೀಕ ಓಡುವ ಹಾಗಿಲ್ಲ, ತಾಟಿಗೆ ಬಟ್ಟೆ ಮುಚ್ಚುವ ಹಾಗಿಲ್ಲ. ಬಾಡಿಗೆದಾರರು ಐಸನ್ನು ಮುಟ್ಟುವ ಹಾಗಿಲ್ಲ, ಆದರೆ ಮನೆಗೊಬ್ಬರು, ಒಂದೇ ಸಲ, ಮಾಲೀಕನನ್ನು ತಡೆದು ಮಾತಾಡಿಸಬಹುದು. ಕೈಮುಗಿದು ಎದುರು ನಿಂತವರು ಮಾತು ಮುಗಿಸಿ ಪಕ್ಕಕ್ಕೆ ಸರಿಯುವ ತನಕ ಅವನು ಹೆಜ್ಜೆ ಎತ್ತುವಂತಿಲ್ಲ. ಮುನಸಿಪಾಲಿಟಿಯ ಸಿಪಾಯಿ ಸೀಟಿ ಕಚ್ಚಿಕೊಂಡು ಹಿಂದೆಯೇ ಬರುತ್ತಾನೆ, ಯಾರು ನಿಯಮ ತಪ್ಪಿದರೂ ಊದುತ್ತಾನೆ.

ಹಿಂದೆ ಬಾಡಿಗೆದಾರರೆಲ್ಲ ಸೇರಿ ಐಸ್ ದಿನವನ್ನು ಬೇಸಿಗೆಯಲ್ಲಿ ಇಡಿ ಎಂದು ಕೇಳಿದ್ದರಂತೆ. ಮಾಲೀಕರು ಮಾರ್ಗಶಿರದ ಚಳಿ ಕೇಳಿದ್ದರಂತೆ. ಕೊನೆಗೆ ಶಿವರಾತ್ರಿ ಕಳೆದು, ಚಳಿ ಶಿವಶಿವಾ ಎಂದು ಹೋಯಿತೋ ಬಾಗಿಲಲ್ಲೇ ನಿಂತಿದೆಯೋ ಎಂದು ಯಾರೂ ಹೇಳಲಾರದ ಒಂದು ದಿನವನ್ನು ಗೊತ್ತು ಮಾಡಿದರು. ಇದರಿಂದಾಗಿ ನಮ್ಮ ಊರಿನ ಜನ ಮಾತಿನಲ್ಲಿ ಪಳಗಿದ್ದಾರೆ. ಇಲ್ಲಿ ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದಿಲ್ಲ, ಅಡುಗೆ ಬರುತ್ತದೆಯೇ ಎಂದು ಕೇಳುವುದಿಲ್ಲ. ಹುಡುಗಿ ಎಷ್ಟು ಹೊತ್ತು ಎಡೆಬಿಡದೆ ಮಾತಾಡುತ್ತಾಳೆ ಎಂದು ನೋಡುತ್ತಾರೆ. ನನ್ನನ್ನು ನೋಡಲು ಬಂದವರೆಲ್ಲ ಅವಲಕ್ಕಿ ಮುಗಿಯುವ ಮೊದಲೇ ಎದ್ದು ಹೋಗಿದ್ದಾರೆ.

ನಮ್ಮ ಮನೆಯಲ್ಲಿ ತಡೆಯುವ ಕೆಲಸ ಅವ್ವನದು. ಅವಳು ಮಾಲೀಕರ ಎದುರು ನಿಂತು "ಸಾವ್ಕಾರ್ರ, ನಿನ್ನೆ ಒಂದು ಕನಸು ಬಿದ್ದಿತ್ರಿ" ಎಂದು ಶುರುಮಾಡಿದರೆ ಕನಸಿನಲ್ಲಿ ಬಂದವರ ಬೀಗರು, ಬೀಗರ ಎಮ್ಮೆ, ಎಮ್ಮೆ ಕೊಂಡವರ ಜಗಳ ಎಲ್ಲ ಮುಗಿಯದೆ ಪಕ್ಕಕ್ಕೆ ಸರಿಯುವವಳಲ್ಲ. ಈ ಸಲ ಹೊಸ ಕನಸೊಂದನ್ನು ಕಟ್ಟಿ, ವಾರವಿಡೀ ಗೋಡೆಗೆ ಹೇಳಿ ಹೇಳಿ ತಾಲೀಮು ಮಾಡಿದಳು. ಇವತ್ತು ನೋಡಿದರೆ ಗಂಟಲೇ ಇಲ್ಲ. ಬಾಯಿ ತೆರೆದರೆ ಹಳೇ ಬಾಗಿಲು ಸರಿದ ಹಾಗೆ ಸದ್ದು. ಮೆಣಸಿನ ಕಷಾಯ ಕುಡಿಸಿದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು. ಸಂಜೆ ಅವಳು ನನ್ನ ಕಡೆ ಬೆರಳು ತೋರಿಸಿದಳು. ನಾನು ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದೆ. ಗೋಡೆ ಇತ್ತು.

ಬೇರೆ ವರ್ಷವಾಗಿದ್ದರೆ ನಮ್ಮದೊಂದು ಮನೆ ತಡೆಯದೇ ಇದ್ದರೂ ನಡೆಯುತ್ತಿತ್ತು. ಆಗ ಸ್ಟೇಷನ್ ದೂರವಿತ್ತು. ಸಾವ್ಕಾರರು ಪೇಟೆ ದಾಟಿ, ಹಳ್ಳದ ಸೇತುವೆ ದಾಟಿ ಹೋಗುವಷ್ಟರಲ್ಲಿ ಬಿಸಿಲೇ ನಮ್ಮ ಪರವಾಗಿ ಮಾತಾಡುತ್ತಿತ್ತು. ಈ ವರ್ಷ ನಮ್ಮ ಓಣಿಯ ಬಾಯಲ್ಲೇ ಮುನಸಿಪಾಲಿಟಿಯವರು ಹೊಸ ಸ್ಟೇಷನ್ ಹಾಕಿದ್ದಾರೆ. ಗಾಡಿ ನಿಂತರೆ ನಮ್ಮ ಮನೆಯ ಪಾತ್ರೆಗಳು ಗಿಣಿಗಿಣಿ ಎನ್ನುತ್ತವೆ. ಅದು ಬಂದದ್ದರಿಂದಲೇ ನನಗೆ ಊರಿನ ಆ ತುದಿಯ ಅಚ್ಚುಕೂಟದಲ್ಲಿ ಕೆಲಸ ಸಿಕ್ಕಿತು. ಪಂಚಾಂಗ, ಲಗ್ನಪತ್ರಿಕೆಗಳ ಕರಡು ತಿದ್ದುವ ಕೆಲಸ, ಮಾತು ಬೇಡದ ಕೆಲಸ. ನಡೆದು ಹೋಗಿ ಬರುವಷ್ಟು ದಾರಿಯಲ್ಲ ಅದು. ನಮ್ಮಿಬ್ಬರ ಹೊಟ್ಟೆ ನಡೆಯುವುದು ಈಗ ಅದರಿಂದಲೇ. ಆದರೆ ಸ್ಟೇಷನ್ ಇಷ್ಟು ಹತ್ತಿರ ಬಂದಮೇಲೆ ಐಸ್ ಕರಗುವುದೆಲ್ಲಿ? ಬಾಡಿಗೆ ಏರಿದರೆ ಮನೆ ಬಿಟ್ಟು ಕಲ್ಲುಗಣಿಯ ಆಚೆಗೆ ಹೋಗಬೇಕು. ಅಲ್ಲಿಗೆ ಗಾಡಿ ಹೋಗುವುದಿಲ್ಲ. ಹಳೇ ಸ್ಟೇಷನ್ ಆದಾಗ ಅದರ ಪಕ್ಕದ ಓಣಿಯವರು ಹಾಗೇ ಹೋದರು. ಮೊದಮೊದಲು ವಾರಕ್ಕೊಮ್ಮೆ ಬಂದು ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಆಮೇಲೆ ಹಬ್ಬಕ್ಕೆ ಬಂದರು. ಈಗ ಅವರ ಹೆಸರು ನೆನಪು ಮಾಡಿಕೊಳ್ಳಲು ನಾವು ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ಬೆಳಗಾಯಿತು. ನಮ್ಮ ಸಾಲಿನ ಮಾಲೀಕರಾದ ಗುರುಪಾದಪ್ಪ ಸಾವ್ಕಾರರು ಸೂರ್ಯನಿಗಿಂತ ಮೊದಲೇ ಎದ್ದಿದ್ದರು. ಕೆಟ್ಟ ಮನುಷ್ಯರೇನಲ್ಲ. ಮಳೆಗೆ ಹಂಚು ಸೋರಿದರೆ ತಾವೇ ಏಣಿ ಹತ್ತುತ್ತಾರೆ, ಇಳಿಯುವಾಗ ಬೈಯುತ್ತಾರೆ. ಐಸ್ ದಿನ ಮಾತ್ರ ಬೇರೆಯೇ ಆಸಾಮಿ. ಈ ಸಲ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಕಣ್ಣನ್ನು ತಾಟಿನಲ್ಲೇ ನೆಟ್ಟು ಹೊರಟಿದ್ದರು. ಸಿಪಾಯಿ ಹತ್ತಿ ನೋಡಿ ಸೀಟಿ ಬಾಯಿಗಿಟ್ಟ, ನಿಯಮದಲ್ಲಿ ಕಿವಿಯ ಮಾತೇ ಇಲ್ಲವೆಂದು ನೆನಪಾಗಿ ಕೆಳಗಿಳಿಸಿದ.

ಓಣಿಯ ಆ ತುದಿಯಲ್ಲಿರುವ ತಮ್ಮಣ್ಣ ಮಾಸ್ತರರು ಚಿತ್ರಕಲೆ ಕಲಿಸಿ ನಿವೃತ್ತರಾದವರು. ಅವರಿಗೆ ಹೇಗೋ ಹತ್ತಿಯ ಸುಳಿವು ಸಿಕ್ಕಿತ್ತು. ಹಳೇ ಧೋತರದ ಮೇಲೆ ದಪ್ಪ ಅಕ್ಷರದಲ್ಲಿ "ಸಾವ್ಕಾರ್ರ, ನಿಮ್ಮ ಚಿತ್ರ ತೆಗಿಬೇಕಂತ ಆಸೆ" ಎಂದು ಬರೆದು, ಅದನ್ನೇ ಹರವಿ ಹಿಡಿದುಕೊಂಡು ದಾರಿಗಡ್ಡ ನಿಂತರು. ಸಾವ್ಕಾರರು ಓದದಿದ್ದರೆ ಧೋತರವನ್ನೇ ತುಳಿಯಬೇಕು. ಓದಿದರು. ಒಂದು ಕಿವಿಯ ಹತ್ತಿ ತೆಗೆದರು.

"ನನ್ನ ಚಿತ್ರಾ? ಈಗ ಯಾಕ್ರಿ ಮಾಸ್ತರ, ನಾಳೆ ಬರ್ತೀನಲ್ಲ."

"ನಾಳೆ ಈ ಕಳೆ ಇರೂದಿಲ್ರಿ. ಕೈಯಾಗ ತಾಟು, ಮುಖದ ಮ್ಯಾಲೆ ಎಳೇ ಬಿಸಲು. ರಾಜಾ ಕಂಡಂಗ ಕಾಣ್ತೀರಿ. ಗದ್ದ ಒಂಚೂರು ಮ್ಯಾಲೆ. ಮೀಸಿ ಅಲಗಾಡಸಬ್ಯಾಡ್ರಿ."

ಸಾವ್ಕಾರರಿಗೆ ಮೀಸೆಯ ಮೇಲೆ ಅಭಿಮಾನ. ನಿಂತರು. ಮಾಸ್ತರರು ಕಾಗದ ತೆಗೆದು ಮೀಸೆ ಒಂದನ್ನೇ ಅಷ್ಟು ಹೊತ್ತು ತಿದ್ದಿದರು. ಎಡದ್ದು ಸರಿಯಾದರೆ ಬಲದ್ದು ಸೊಟ್ಟ, ಬಲದ್ದು ಸರಿಯಾದರೆ ಎಡದ್ದು ಸೊಟ್ಟ. ತಾಟಿನ ಅಂಚಿನಿಂದ ನೀರು ತೊಟ್ಟಿಕ್ಕಿ ಸಾವ್ಕಾರರ ಚಪ್ಪಲಿಯೊಳಗೆ ಇಳಿಯುತ್ತಿತ್ತು.

ನಡುವಿನ ಮನೆ ಕೌದಿ ಹೊಲಿಯುವ ಹುಸೇನಬಿ ಖಾಲಾಳದು. ಅವಳು ಕೈಮುಗಿದು ನಿಂತು ಕಷ್ಟಸುಖ ಕೇಳಲಿಲ್ಲ, ನೇರವಾಗಿ ನ್ಯಾಯ ಕೇಳಿದಳು.

"ಸಾವ್ಕಾರ್ರ, ಅವ್ವನ ಹಳೇ ಸೀರಿ ಅಂತ ನಿಮ್ಮ ಮಗಳು ಒಂದು ಕೊಟ್ಟಾಳ, ಇವನ್ನ ಕೂಡಿಸಿ ಕೌದಿ ಹೊಲಿ ಅಂತ ನಿಮ್ಮ ಸೊಸಿ ತನ್ನ ಸೀರಿ ಒಂದು ಕೊಟ್ಟಾಳ. ಅವ್ವನ ಸೀರಿ ನಡುವ ಬರಬೇಕು ಅಂತಾಳ ಮಗಳು. ಅಂಚಿಗೆ ಹಾಕು ಅಂತಾಳ ಸೊಸಿ. ನೀವು ಹೇಳ್ರಿ, ಎಲ್ಲಿ ಹಾಕಲಿ?"

ಸಾವ್ಕಾರರ ಮುಖ ನೋಡಬೇಕಿತ್ತು. ಸಿಪಾಯಿಯೇ ಅಯ್ಯೋ ಎಂದ. ನಡುವೆ ಎಂದರೆ ಸೊಸೆ ಊಟ ಹಾಕಳು, ಅಂಚು ಎಂದರೆ ಮಗಳು ತೌರಿಗೆ ಬಾರಳು. ಅವರು ಅಲ್ಲೇ ನಿಂತು ಯೋಚಿಸಿದರು, ಬೆವರಿದರು, ಕೊನೆಗೆ "ಸೀರಿ ಹರಿದು ಎರಡೂ ಕಡೆ ಹಾಕವಾ" ಎಂದರು. ಖಾಲಾ "ಹರೀಲ್ಯಾ? ತೀರಿದವರ ಸೀರಿ?" ಎಂದು ಎದೆ ಮುಟ್ಟಿಕೊಂಡಳು. ಮತ್ತೆ ಮೊದಲಿನಿಂದ ಶುರು.

ಇಷ್ಟಾದರೂ ನಮ್ಮ ಮನೆಯ ಮುಂದೆ ಬಂದಾಗ ತಾಟಿನಲ್ಲಿ ತೆಂಗಿನಕಾಯಿಯಷ್ಟು ಐಸು ಉಳಿದಿತ್ತು. ನಮ್ಮದೇ ಕೊನೆಯ ಮನೆ. ಅದರಾಚೆ ಸ್ಟೇಷನ್ನಿನ ಕಮಾನು. ಅವ್ವ ಹಿಂದಿನಿಂದ ನನ್ನ ಬೆನ್ನಿಗೆ ಕೈಯಿಟ್ಟು ದೂಡಿದಳು. ನಾನು ಹೋಗಿ ಕೈಮುಗಿದು ನಿಂತೆ.

ನಿಂತೆ. ಅಷ್ಟೇ. ಡಬ್ಬಿಗೆ ಹೇಳಿದ ಮಾತು ಎಲ್ಲಿ ಹೋಯಿತೋ ಗೊತ್ತಿಲ್ಲ. ಬಾಯಿ ತೆರೆದೆ, ಗಾಳಿ ಬಂತು. ಮುಚ್ಚಿದೆ. ಕಿವಿಗಳು ಕಾದ ಹಂಚಿನ ಹಾಗಾದವು. ಪಕ್ಕಕ್ಕೆ ಸರಿದುಬಿಡೋಣವೆಂದರೆ ಕಾಲೂ ನನ್ನ ಮಾತು ಕೇಳಲಿಲ್ಲ.

ಸಾವ್ಕಾರರು ಸ್ವಲ್ಪ ಕಾದರು. "ಹೇಳು ತಂಗಿ" ಎಂದರು.

ನಾನು ಮುಗಿದ ಕೈ ಇಳಿಸದೆ ನಿಂತೇ ಇದ್ದೆ.

"ಆರಾಮದೀರೇನ್ರಿ ಅಂತ ಕೇಳಾಕಿ ಹೌದಿಲ್ಲೋ? ಆರಾಮದೀನಿ. ಮನ್ಯಾಗ ಎಲ್ಲಾರೂ ಆರಾಮದಾರ. ಮೊಮ್ಮಗಳಿಗೆ ಹಲ್ಲು ಬಂದಾವು. ಮಂಡಿನೋವು ಹಂಗ ಐತಿ. ಈಗರ ಬಿಡು."

ನಾನು ಅವರ ಅಂಗಿಯ ಎರಡನೆಯ ಗುಂಡಿಯನ್ನು ನೋಡುತ್ತಿದ್ದೆ. ಅದರ ದಾರ ಬಿಟ್ಟಿತ್ತು. ಇನ್ನು ಸ್ವಲ್ಪ ಹೊತ್ತಿನಲ್ಲಿ ಬೀಳುತ್ತದೆ ಎಂದು ಅನಿಸಿತು. ಬಿತ್ತು.

"ಕನಸು ಬಿದ್ದಿತ್ತೇನು? ನಿಮ್ಮವ್ವನಂಗ? ಹೇಳಿ ಮುಗಿಸವಾ, ಎಮ್ಮಿ ಇದ್ರೂ ಇರವಲ್ದ್ಯಾಕ. ಏ ಸಿಪಾಯಿ, ಸೀಟಿ ಹೊಡಿಯೋ! ಈ ಹುಡುಗಿ ಮಾತೂ ಆಡವಲ್ಲಳು, ದಾರೀನೂ ಬಿಡವಲ್ಲಳು."

ಸಿಪಾಯಿ ತಲೆ ಕೆರೆದುಕೊಂಡ. "ಮಾತು ಮುಗಿಯೂ ತನಕ ನಿಲ್ಲಬೇಕು ಅಂತ ಐತ್ರಿ ಸಾವ್ಕಾರ್ರ. ಆಕೀದು ಇನ್ನೂ ಶುರುನ ಆಗಿಲ್ಲ. ಶುರು ಆಗದ್ದು ಮುಗಿದೈತಿ ಅಂತ ನಾ ಹೆಂಗ ಹೇಳಲಿ?"

ಓಣಿಯ ಜನವೆಲ್ಲ ಬಂದು ಸುತ್ತ ನಿಂತರು. ಇಷ್ಟು ದಿನ ಮಾತು ಕೂಡಿಹಾಕಿ ಕೂಡಿಹಾಕಿ ತಡೆದವರಿಗೆ, ಸುಮ್ಮನಿದ್ದೂ ತಡೆಯಬಹುದೆಂದು ಹೊಳೆದೇ ಇರಲಿಲ್ಲ. ಬಿಸಿಲು ಏರಿತು. ತೆಂಗಿನಕಾಯಿ ನಿಂಬೆಕಾಯಿಯಾಯಿತು, ನಿಂಬೆಕಾಯಿ ಅಡಿಕೆಯಾಯಿತು. ಸಾವ್ಕಾರರು ಕೊನೆಕೊನೆಗೆ ನನ್ನನ್ನು ಬೇಡುವುದನ್ನು ಬಿಟ್ಟು ಐಸನ್ನೇ ಬೇಡತೊಡಗಿದರು. ಅದೂ ಅವರ ಮಾತು ಕೇಳಲಿಲ್ಲ. ತಾಟಿನಲ್ಲಿ ಬರೀ ನೀರು, ನೀರಿನಲ್ಲಿ ಅವರ ಮೀಸೆ. ಆಗ ಹುಸೇನಬಿ ಖಾಲಾ ನನ್ನ ಭುಜ ಹಿಡಿದು, ಕಪಾಟು ಸರಿಸುವ ಹಾಗೆ ಪಕ್ಕಕ್ಕೆ ಸರಿಸಿದಳು.

"ಶಾಬಾಸ್ ಬೇಟಿ! ಬಾಯಿ ಇಲ್ಲದಾಕಿ ಅಂತಿದ್ವಿ, ಎಲ್ಲಾರ ಬಾಯಿ ಮುಚ್ಚಿಸಿದಿ!"

ಅವ್ವ ದನಿಯಿಲ್ಲದೆಯೇ ನಕ್ಕು ನನ್ನ ದೃಷ್ಟಿ ತೆಗೆದಳು. ಮಾಸ್ತರರು ಧೋತರದ ಬಾವುಟ ಬೀಸಿದರು. ನನ್ನ ಜನ್ಮದಲ್ಲಿ ಮೊದಲ ಸಲ ಜನ ನನ್ನನ್ನು ಮೆರವಣಿಗೆಯಲ್ಲಿ ಕರೆದುಕೊಂಡು ಹೋದರು, ಸಾವ್ಕಾರರ ಹಿಂದೆ, ತೂಕದ ಜಾಗಕ್ಕೆ.

ತೂಗುವುದು ಮುನಸಿಪಾಲಿಟಿಯ ಐಸ್ ಗೋದಾಮಿನಲ್ಲಿ. ಅದು ಸ್ಟೇಷನ್ನಿಗೆ ಅಂಟಿಕೊಂಡೇ ಇದೆ, ಊರಿನಲ್ಲೇ ಅತಿ ದೊಡ್ಡ ಕಟ್ಟಡ. ದಿನಾ ಗಾಡಿಗೆ ಓಡುವಾಗ ಅದರ ಗೋಡೆಯ ಪಕ್ಕದಲ್ಲೇ ಹೋಗುತ್ತಿದ್ದೆ, ಬೇಸಿಗೆಯಲ್ಲೂ ಆ ಕಡೆಯ ತೋಳು ತಣ್ಣಗಾಗುತ್ತಿತ್ತು. ಒಳಗೆ ಕಾಲಿಟ್ಟದ್ದು ಅಂದೇ. ಎತ್ತರದ ಮಾಡು, ದಪ್ಪ ಗೋಡೆ, ಸಾಲು ಸಾಲು ಕಿಟಕಿ. ಕಿಟಕಿಗಳಿಗೆಲ್ಲ ಭತ್ತದ ಹೊಟ್ಟಿನ ಚೀಲ ಒಟ್ಟಿ ಬೆಳಕು ಬಾರದಂತೆ ಮಾಡಿದ್ದರು. ಊರಿಗೆಲ್ಲ ಐಸು ಹಂಚಿಯಾಗಿದ್ದರಿಂದ ಅಂದು ಒಳಗೆ ಖಾಲಿ. ಖಾಲಿ ಎಂದರೆ ಎಂಥ ಖಾಲಿ! ಮಾಸ್ತರರು ಕೆಮ್ಮಿದರೆ ಕೆಮ್ಮು ಆ ತುದಿಗೆ ಹೋಗಿ ವಾಪಸು ಬಂತು.

ತೂಕದ ಮೇಜಿನ ಹಿಂದೆ ಕುಲಗೋಡ ಸಾಹೇಬರು ಕೂತಿದ್ದರು. ವರ್ಷವಿಡೀ ಆ ಚಳಿಯಲ್ಲಿ ಕೂತು ಕೂತು ಮಫ್ಲರು ಅವರ ಕತ್ತಿನದೇ ಭಾಗವಾಗಿತ್ತು. ತಾಟನ್ನು ನೋಡಿದರು. ಬಗ್ಗಿ ಮತ್ತೊಮ್ಮೆ ನೋಡಿದರು. ಬೆರಳದ್ದಿ ನೋಡಿದರು.

"ಏನೂ ಉಳಿದಿಲ್ಲ" ಎಂದರು.

ನಾವು ಚಪ್ಪಾಳೆ ತಟ್ಟಿದೆವು.

"ಇದು ಕಡಿಮಿ ಅಲ್ರಿ, ಏನೂ ಇಲ್ಲ. ನನ್ನ ಸರ್ವಿಸಿನಾಗ ಇದ ಮೊದಲು" ಎಂದರು ಸಾಹೇಬರು. ಅವರ ದನಿಯಲ್ಲಿ ಬೇಸರ. "ಏನೂ ಉಳೀಲಿಲ್ಲಂದ್ರ ಈ ಓಣಿಯಿಂದ ಸ್ಟೇಶನ್ನಿಗೆ ನಡದು ಬರಾಕ ಆಗೂದಿಲ್ಲ ಅಂತ ಲೆಕ್ಕ. ನಡದು ಬರಾಕ ಆಗದಿದ್ದ ಮ್ಯಾಲೆ ಇಲ್ಲಿ ಗಾಡಿ ಯಾರಿಗೆ ನಿಲ್ಲಬೇಕು? ಸ್ಟೇಶನ್ ತಪ್ಪು ಜಾಗಾದಾಗ ಹಾಕೇವಿ. ಮುಂದಿನ ವಾರದಿಂದ ನಿಲ್ಲಸೂದು ಬಂದ್. ಬ್ಯಾರೆ ಕಡೆ ಹಾಕ್ತೀವಿ."

ಚಪ್ಪಾಳೆ ನಿಂತಿತು. ಮಾಸ್ತರರ ಬಾವುಟ ಕೆಳಗಿಳಿಯಿತು. ನನಗೆ ಅಚ್ಚುಕೂಟದ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಎಲ್ಲರಿಗಿಂತ ಮೊದಲು ಕೂಗಿದವರು ಸಾವ್ಕಾರರು. "ಸಾಹೇಬ್ರ, ಹತ್ರ ಐತ್ರಿ! ಇಲ್ಲೇ ಐತಿ! ಉಗುಳಿದ್ರ ಬೀಳತೈತಿ! ಸ್ಟೇಶನ್ ಹೋದ್ರ ನನ್ನ ಮನಿಗೋಳ ಕಡೆ ಯಾರು ತಿರುಗಿ ನೋಡ್ತಾರ?"

"ನೀವು ಮಾಲೀಕ್ರು. ನಿಮಗ ಎಲ್ಲಾನೂ ಹತ್ರ" ಎಂದರು ಸಾಹೇಬರು. "ಬಾಡಿಗಿಯವರಿಗೆ ಎಲ್ಲಾನೂ ದೂರ. ಅದಕ್ಕ ಐಸ್ ಕೇಳೂದು ನಾವು."

"ಹಂಗಾರ ಇನ್ನೊಂದು ಗಡ್ಡಿ ಕೊಡ್ರಿ. ಯಾರೂ ಅಡ್ಡ ಬರದಂಗ ಮತ್ತ ನಡೀತೀನಿ."

ಈಗ ನಮ್ಮವರೆಲ್ಲ ಒಟ್ಟಿಗೆ ಬೆಚ್ಚಿದರು. ಯಾರೂ ಅಡ್ಡ ಬರದಿದ್ದರೆ ಗಡ್ಡೆ ಗಡ್ಡೆಯಾಗಿಯೇ ಬಂದು ಕೂರುತ್ತದೆ. ಬಾಡಿಗೆ ಮಾಡು ಮುಟ್ಟುತ್ತದೆ. "ದೂರ ಐತ್ರಿ, ಭಾಳ ದೂರ" ಎಂದರು ಮಾಸ್ತರರು. ಹುಸೇನಬಿ ಖಾಲಾ ಅವರ ಧೋತರ ಜಗ್ಗಿ, "ದೂರಂದ್ರ ಗಾಡಿ ಹೋಗತೈತ್ರಿ ಮಾಸ್ತರ!" ಎಂದಳು. "ಹಂಗಾರ ಹತ್ರ" ಎಂದರು ಮಾಸ್ತರರು. "ಹತ್ರಂದ್ರ ಮನಿ ಹೋಗತೈತಿ!" ಎಂದು ಇನ್ನೊಬ್ಬರು. ಗೋದಾಮಿನ ತುಂಬ ಹತ್ತಿರ, ದೂರ, ಹತ್ತಿರ, ದೂರ ಎಂದು ಮಾರ್ದನಿ ಓಡಾಡಿತು.

ಸಾಹೇಬರು ಮೇಜು ಕುಟ್ಟಿದರು. "ಕಡೀಕ ಸಾವ್ಕಾರ್ರನ್ನ ತಡದವ್ರು ಯಾರು?"

ಎಲ್ಲರೂ ಒಮ್ಮೆಗೇ ನನ್ನಿಂದ ಹಿಂದೆ ಸರಿದರು. ಮೆರವಣಿಗೆಯಲ್ಲಿ ಕರೆತಂದವರೇ!

"ಹೆಸರೇನವಾ?"

ನಾನು ಅವ್ವನ ಕಡೆ ನೋಡಿದೆ. ಅವಳ ತುಟಿ ಆಡಿತು, ಸದ್ದಿಲ್ಲ. ಸಿಪಾಯಿಯೇ ಹೇಳಿದ, "ಸುಗಲಾ ಅಂತ್ರಿ. ಮಾತಾಡೂದಿಲ್ರಿ ಆಕಿ."

"ಒಂದು ಮಾತು ಸಾಕು. ಹತ್ರನೋ, ದೂರನೋ? ನೀ ಹೇಳಿದ್ದನ್ನ ಬರಕೋತೀನಿ. ಅದ ಕಾಯಂ."

ತೆರೆದ ಬಾಗಿಲಿನಿಂದ ನಮ್ಮ ಮನೆ ಕಾಣುತ್ತಿತ್ತು. ಮನೆಯಷ್ಟೇ ಅಲ್ಲ, ಹಗ್ಗದ ಮೇಲೆ ಒಣಹಾಕಿದ ನನ್ನ ನೀಲಿ ಲಂಗವೂ, ಅದರ ತೇಪೆಯೂ ಕಾಣುತ್ತಿತ್ತು. ಕುಲಗೋಡ ಸಾಹೇಬರು ಕತ್ತು ತಿರುಗಿಸಿದ್ದರೆ ಅವರಿಗೂ ಕಾಣುತ್ತಿತ್ತು. ತಿರುಗಿಸಲು ಮಫ್ಲರು ಬಿಡುತ್ತಿರಲಿಲ್ಲವೋ ಏನೋ. ನನಗೆ ನಾಚಿಕೆಯಾಗಿ ಈ ಕಡೆ ತಿರುಗಿದೆ. ಈ ಕಡೆ ಆ ಖಾಲಿ. ಜನರ ಮುಖ ನೋಡಲಾರದೆ ಖಾಲಿಯನ್ನೇ ನೋಡಿದೆ. ಸುಮ್ಮನಿರುವವರಿಗೆ ಒಂದು ಚಟವಿರುತ್ತದೆ, ಎಲ್ಲಿ ಏನಿಲ್ಲವೋ ಅಲ್ಲಿ ಏನಾದರೂ ಇಟ್ಟು ನೋಡುವುದು. ಆ ಮೊದಲ ಕಿಟಕಿಯ ಹೊಟ್ಟಿನ ಚೀಲ ತೆಗೆದರೆ ಖಾಲಾ ಅಲ್ಲಿ ಕೌದಿ ಹರವಿಕೊಂಡು ಕೂರಬಹುದು, ಬೆಳಕು ಬೆನ್ನ ಮೇಲೆ ಬೀಳುತ್ತದೆ. ನಡುವೆ ಗೋಡೆ ಎಬ್ಬಿಸಿದರೆ ಈ ಕಡೆ ಮಾಸ್ತರರು. ಮೇಲೆ ಅಟ್ಟ ಹಾಕಿದರೆ ಅಲ್ಲೊಂದು ಸಾಲು, ಅದರ ಮೇಲೆ ಇನ್ನೊಂದು ಸಾಲು. ಕಲ್ಲುಗಣಿಯ ಆಚೆಗೆ ಹೋದವರೂ ಹಿಡಿಸುತ್ತಾರೆ. ಮುನಸಿಪಾಲಿಟಿಯದೇ ಜಾಗ. ಇಲ್ಲಿ ಸಾವ್ಕಾರರೂ ಇಲ್ಲ, ಅವರ ತಾಟೂ ಇಲ್ಲ.

"ಹೇಳವಾ. ನನಗೂ ಊಟದ ಹೊತ್ತಾತು" ಎಂದರು ಸಾಹೇಬರು.

ಸಾವ್ಕಾರರು ಗೊಣಗಿದರು, "ಕೂತು ಉಣ್ರಿ ನೀವು. ಆಕಿ ಇನ್ನ ನಿಂತಳಂದ್ರ ನಿಂತಂಗ."

ಜನ ನಕ್ಕರು. ಆ ನಗುವಿನಲ್ಲಿ ನನ್ನ ಬಾಯಿ ತೆರೆಯಿತು. ಈ ಸಲ ಗಾಳಿ ಬರಲಿಲ್ಲ.

"ಹತ್ರ ಐತ್ರಿ" ಎಂದೆ.

ಓಣಿಯೇ ಒಟ್ಟಾಗಿ ಉಸಿರೆಳೆಯಿತು. ಸಾವ್ಕಾರರ ಮೀಸೆ ಎದ್ದಿತು. ನನ್ನ ದನಿ ಗೋದಾಮಿನ ಆ ತುದಿಗೆ ಹೋಗಿ ವಾಪಸು ಬರುವುದನ್ನು ನಾನೇ ಕೇಳಿದೆ. ಅಷ್ಟೇನೂ ಕೆಟ್ಟದಾಗಿರಲಿಲ್ಲ.

"ನಾವ ಬೇಕಂತ ತಡದೇವ್ರಿ. ಗಾಡೀನೂ ಬೇಕು, ಮನೀನೂ ಬೇಕು, ಅದಕ್ಕ. ಆದ್ರ ಸ್ಟೇಶನ್ ಬಾಜೂಕ ಇಷ್ಟು ದೊಡ್ಡ ಮನಿ ಐಸಿಗೆ ಕೊಟ್ಟೀರಿ. ಅದೇನು ದಿನಾ ಗಾಡಿ ಹತ್ತಿ ಕೆಲಸಕ್ಕ ಹೋಗತೈತೇನ್ರಿ? ಐಸ್ ಒಯ್ದು ಕಲ್ಲುಗಣಿ ಆಚೆ ಇಡ್ರಿ. ನಮ್ಮನ್ನ ಇಲ್ಲಿ ಇಡ್ರಿ."

ಕುಲಗೋಡ ಸಾಹೇಬರು ಮಫ್ಲರನ್ನು ಸಡಿಲಿಸಿದರು. ಅವರು ಸಿಟ್ಟಾಗಲಿಲ್ಲ, ನಿಜವಾಗಿಯೂ ಅರ್ಥವಾಗದವರಂತೆ ನನ್ನನ್ನು ನೋಡಿದರು.

"ಅಷ್ಟು ದೂರ ಇಟ್ರ ಕರಗತೈತಲ್ಲವಾ?"

"ನಾವೂ ಕರಗ್ತೀವ್ರಿ" ಎಂದೆ.